ಚಿತ್ರವು ಮನೆ ಬಿಟ್ಟು ಹೋಗಬೇಕಾಗಿಲ್ಲ

ಉದ್ಯೋಗಕ್ಕೆ ಅರ್ಜಿ ಹಾಕುವುದಾಗಲಿ, ಮಗಳ ವಿದ್ಯಾರ್ಥಿವೇತನಕ್ಕೆ ಹೆಸರು ನೋಂದಾಯಿಸುವುದಾಗಲಿ, ತಂದೆತಾಯಿಗಳ ಪಿಂಚಣಿಗೆ ಕಾಗದಪತ್ರಗಳನ್ನು ಒಪ್ಪಿಸುವುದಾಗಲಿ, ಈಗಿನ ಕಾಲದಲ್ಲಿ ಇಂತಹ ಯಾವ ಕಾರ್ಯವನ್ನು ಕೈಗೊಂಡರೂ ನಮ್ಮ ಮುಖದ ಒಂದು ಚಿತ್ರ, ನಮ್ಮ ರುಜುವಿನ ಒಂದು ಚಿತ್ರ, ನಮ್ಮ ಗುರುತಿನ ಚೀಟಿಯ ಒಂದು ಚಿತ್ರ ನಿಯಮಿತವಾದ ಅಳತೆಯಲ್ಲಿ ಸಿದ್ಧವಾಗಿರಬೇಕೆಂಬ ವಿಧಿ ಬಹುಮಟ್ಟಿಗೆ ಎದುರಾಗಿಯೇ ತೀರುತ್ತದೆ. ಬ್ಯಾಂಕ್ ನೌಕರಿಯ ಪರೀಕ್ಷೆಗಳನ್ನು ನಡೆಸುವ ಐಬಿಪಿಎಸ್ ಸಂಸ್ಥೆಯ ಸೂಚನೆಯನ್ನೇ ನೋಡಬಹುದು. ಭಾವಚಿತ್ರವು 200 ಪಿಕ್ಸೆಲ್ ಅಗಲ, 230 ಪಿಕ್ಸೆಲ್ ಎತ್ತರವಿದ್ದು 20ರಿಂದ 50 ಕೆ.ಬಿ. ಒಳಗಿರಬೇಕು, ರುಜು 140ಕ್ಕೆ 60 ಪಿಕ್ಸೆಲ್ ಇದ್ದು 10ರಿಂದ 20 ಕೆ.ಬಿ. ಒಳಗಿರಬೇಕು. ಕೈಯಲ್ಲಿರುವ ಫೋನ್ ತೆಗೆಯುವ ಚಿತ್ರವಾದರೋ 4000ಕ್ಕೆ 3000, ಎಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳ ಬೃಹತ್ ಪಟ. ಅರ್ಜಿ ಬೇಡುವುದು ಕೇವಲ 46 ಸಾವಿರ ಪಿಕ್ಸೆಲ್. ಅಂಚುಗಳನ್ನು ಕತ್ತರಿಸಿ, ಗಾತ್ರವನ್ನು ಕುಗ್ಗಿಸಿ, ಕಡತದ ಭಾರವನ್ನು ಇಳಿಸಿ ಈ ಅಂತರವನ್ನು ತುಂಬಬೇಕಾದ ಹೊಣೆ ಅರ್ಜಿದಾರನ ಮೇಲೆಯೇ ಬೀಳುತ್ತದೆ.

ಆ ಹೊಣೆಯನ್ನು ಹೊತ್ತವನು ಏನು ಮಾಡುತ್ತಾನೆ? ಅರ್ಜಿಯ ಕಡೆಯ ದಿನ ಸಮೀಪಿಸಿರುತ್ತದೆ. ಚಿತ್ರದ ಗಾತ್ರ ಕುಗ್ಗಿಸುವ ಉಪಾಯವನ್ನು ಹುಡುಕಿದೊಡನೆ ಉಚಿತ ಸೇವೆಯ ಜಾಲತಾಣಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳಲ್ಲಿ ಮೊದಲನೆಯದಕ್ಕೆ ತನ್ನ ಚಿತ್ರವನ್ನು ಒಪ್ಪಿಸಿ, ಅದು ಹಿಂದಿರುಗಿಸಿದ್ದನ್ನು ಅರ್ಜಿಗೆ ಲಗತ್ತಿಸಿ, ಆ ತಾಣದ ಹೆಸರನ್ನು ಸಹ ಮರೆತುಬಿಡುತ್ತಾನೆ. ಅಥವಾ ಊರಿನ ಝೆರಾಕ್ಸ್ ಅಂಗಡಿಯ ವಾಟ್ಸ್ಆ್ಯಪ್ ಸಂಖ್ಯೆಗೆ ಆಧಾರ್ ಚೀಟಿಯ ಚಿತ್ರವನ್ನು ಕಳುಹಿಸಿ, ‘ಸ್ವಲ್ಪ ಸರಿಮಾಡಿ ಪ್ರಿಂಟ್ ತೆಗೆಯಿರಿ’ ಎಂದು ಕೇಳಿಕೊಳ್ಳುತ್ತಾನೆ. ಎರಡು ಪ್ರಸಂಗಗಳಲ್ಲಿಯೂ ಕೆಲಸವೇನೋ ಕೈಗೂಡುತ್ತದೆ. ಆದರೆ ಚಿತ್ರದ ಒಂದು ಪ್ರತಿ ಅಪರಿಚಿತರ ವಶದಲ್ಲಿ ಉಳಿಯಿತೆ, ಉಳಿದಿದ್ದರೆ ಎಷ್ಟು ಕಾಲ, ಯಾರ ಕಣ್ಣಿಗೆ, ಯಾವ ಪ್ರಯೋಜನಕ್ಕಾಗಿ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ತಿಳಿದುಕೊಳ್ಳುವ ಮಾರ್ಗವೇ ಅವನಿಗೆ ಉಳಿದಿರುವುದಿಲ್ಲ.

ಈ ಭಯ ಕೇವಲ ಕಲ್ಪಿತವಾದದ್ದಲ್ಲವೆಂಬುದಕ್ಕೆ ನಮ್ಮ ರಾಜಧಾನಿಯಿಂದಲೇ ಹೊರಟ ಒಂದು ಸೂಚನೆ ಸಾಕ್ಷಿಯಾಗಿದೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು 2022ರ ಮೇ 27ರಂದು ಸಾರ್ವಜನಿಕರಿಗೆ ಒಂದು ಎಚ್ಚರಿಕೆಯನ್ನು ನೀಡಿ, ಆಧಾರ್ ಚೀಟಿಯ ಪ್ರತಿಯನ್ನು ಕಂಡಕಂಡ ಸಂಸ್ಥೆಗಳಿಗೆ ಕೊಡಬಾರದೆಂದೂ, ಕೊಡಲೇಬೇಕಾದಾಗ ಕಡೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಡಿದ ಪ್ರತಿಯನ್ನು ಕೊಡಬೇಕೆಂದೂ, ಸೈಬರ್ ಕೇಂದ್ರದ ಗಣಕಯಂತ್ರದಲ್ಲಿ ಆಧಾರ್ ಪ್ರತಿಯನ್ನು ಇಳಿಸಿಕೊಂಡರೆ ಆ ಪ್ರತಿಗಳನ್ನೆಲ್ಲ ಅಲ್ಲಿಂದ ಶಾಶ್ವತವಾಗಿ ಅಳಿಸಿಬಿಡಬೇಕೆಂದೂ ತಿಳಿಸಿತು. ತಪ್ಪು ಅರ್ಥಕ್ಕೆ ಎಡೆಯಾಗಬಹುದೆಂಬ ಕಾರಣದಿಂದ ಕೇಂದ್ರ ಸರ್ಕಾರವು ಎರಡೇ ದಿನಗಳಲ್ಲಿ, ಮೇ 29ರಂದು, ಅದನ್ನು ಹಿಂತೆಗೆದುಕೊಂಡು, ಜನರು ಸಾಮಾನ್ಯ ವಿವೇಕದಿಂದ ವರ್ತಿಸಿದರೆ ಸಾಕೆಂದು ಹೇಳಿತು. ಸೂಚನೆ ಹಿಂದಕ್ಕೆ ಹೋದರೂ ಅದರ ಹಿಂದಿದ್ದ ವಿವೇಚನೆ ಹಿಂದಕ್ಕೆ ಹೋಗಬೇಕಾಗಿಲ್ಲ. ಆ ಸಾಮಾನ್ಯ ವಿವೇಕವೆಂದರೆ ಏನು, ಚಿತ್ರಗಳ ವಿಷಯದಲ್ಲಿ ಅದನ್ನು ಆಚರಣೆಗೆ ತರುವುದು ಹೇಗೆ ಎಂಬುದೇ ಈ ಲೇಖನದ ವಸ್ತು. ಅದರ ಸಾರವನ್ನು ಮೊದಲೇ ಹೇಳಿಬಿಡಬಹುದು: ಒಂದು ಚಿತ್ರವನ್ನು ಕತ್ತರಿಸಿ ತಿದ್ದುವುದಕ್ಕಾಗಿ ಅದನ್ನು ಯಾರಿಗೂ ಒಪ್ಪಿಸಬೇಕಾದ ಅಗತ್ಯ ಈಗ ಇಲ್ಲ.

ಸಾಧನವೇ ಚಿತ್ರದ ಬಳಿಗೆ

ಚಿತ್ರ ತಿದ್ದುವ ಜಾಲತಾಣಗಳು ಹೊರನೋಟಕ್ಕೆ ಒಂದೇ ಬಗೆಯವಾಗಿ ತೋರಿದರೂ ಒಳಗಿನ ವ್ಯವಸ್ಥೆಯಲ್ಲಿ ಎರಡು ಭಿನ್ನ ಜಾತಿಗೆ ಸೇರಿವೆ. ಮೊದಲನೆಯ ಜಾತಿಯ ತಾಣಕ್ಕೆ ನೀವು ಚಿತ್ರವನ್ನು ಕೊಟ್ಟಾಗ ಅದು ಅಂತರಜಾಲದ ಮೂಲಕ ದೂರದ ಸರ್ವರ್ ಒಂದಕ್ಕೆ ಪ್ರಯಾಣ ಮಾಡಿ, ಅಲ್ಲಿಯ ಯಂತ್ರದಿಂದ ಕತ್ತರಿಸಲ್ಪಟ್ಟು ಮರಳಿ ಬರುತ್ತದೆ. ಎರಡನೆಯ ಜಾತಿಯದರಲ್ಲಿ ಪ್ರಯಾಣ ಮಾಡುವುದು ಚಿತ್ರವಲ್ಲ, ಸಾಧನ. ಪುಟವನ್ನು ತೆರೆದೊಡನೆ ಕತ್ತರಿಸುವ ವಿಧಾನವನ್ನೆಲ್ಲ ಒಳಗೊಂಡ ಒಂದು ಕಿರು ಕ್ರಮವಿಧಿ ನಿಮ್ಮ ಯಂತ್ರಕ್ಕೆ ಬಂದು ಸೇರುತ್ತದೆ. ಅನಂತರ ನಡೆಯುವುದೆಲ್ಲ ನಿಮ್ಮ ಯಂತ್ರದ ಸ್ಮೃತಿಯಲ್ಲಿಯೇ ನಡೆಯುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಮದುವೆಯ ಒಡವೆಗಳನ್ನು ಮಾಡಿಸುವಾಗ ಅಕ್ಕಸಾಲಿಗನು ತನ್ನ ಕುಲುಮೆ, ಚಿಮಟ, ತ್ರಾಸುಗಳೊಡನೆ ಮನೆಗೇ ಬಂದು ಜಗುಲಿಯ ಮೇಲೆ ಕುಳಿತು ಕೆಲಸ ಮಾಡಿಕೊಡುತ್ತಿದ್ದ ಪದ್ಧತಿ ಉಂಟಷ್ಟೆ. ಚಿನ್ನ ಮನೆಯ ಹೊಸ್ತಿಲನ್ನು ದಾಟದೆಯೇ ಒಡವೆಯಾಗುತ್ತಿತ್ತು. ಈ ಎರಡನೆಯ ಜಾತಿಯ ತಾಣಗಳ ಧರ್ಮವೂ ಅದೇ.

ಬ್ರೌಸರ್ ಎಂಬುದು ಹಿಂದೆ ಬಹುಮಟ್ಟಿಗೆ ಓದುವ ಸಾಧನವಾಗಿತ್ತು. ಅದಕ್ಕೆ ಈ ಸಾಮರ್ಥ್ಯ ಒಮ್ಮೆಗೇ ಬಂದದ್ದಲ್ಲ. 2004ರಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಗಣಕಗಳಿಗಾಗಿ ‘ಕ್ಯಾನ್ವಾಸ್’ ಎಂಬ ಒಂದು ಅಂಗವನ್ನು ಸೃಷ್ಟಿಸಿತು. ಪುಟದೊಳಗೆ ಒಂದು ಖಾಲಿ ಹಲಗೆಯನ್ನು ಇರಿಸಿ, ಅದರ ಮೇಲೆ ಕ್ರಮವಿಧಿಯ ಮೂಲಕ ಚಿತ್ರ ಬರೆಯುವುದಕ್ಕೂ, ಬರೆದುದರ ಒಂದೊಂದು ಬಿಂದುವಿನ ವರ್ಣವನ್ನು ಓದಿ ಬದಲಿಸುವುದಕ್ಕೂ ಇದರಿಂದ ಅನುಕೂಲವಾಯಿತು. ಇತರ ಹಲವು ಬ್ರೌಸರ್‌ಗಳು ಕೆಲವೇ ವರ್ಷಗಳಲ್ಲಿ ಇದನ್ನು ಅಂಗೀಕರಿಸಿದವು. ಆದರೆ ಬಳಕೆದಾರನ ಯಂತ್ರದಲ್ಲಿರುವ ಕಡತವನ್ನು ಸರ್ವರ್‌ಗೆ ಕಳುಹಿಸದೆಯೇ ಓದುವ ದಾರಿ ಇನ್ನೂ ತೆರೆದಿರಲಿಲ್ಲ. ಆ ದಾರಿಯನ್ನು ನಿರೂಪಿಸುವ ಕರಡು 2009ರಲ್ಲಿ ಹೊರಬಂದಿತು. 2010ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 3.6 ಅದಕ್ಕೆ ಅವಕಾಶವನ್ನು ಕಲ್ಪಿಸಿತು. ಮುಂದೆ ವೆಬ್‌ಅಸೆಂಬ್ಲಿ ಎಂಬ ವೇಗದ ವ್ಯವಸ್ಥೆ ರೂಪುಗೊಂಡ ಮೇಲೆ (2019ರ ಡಿಸೆಂಬರ್‌ನಲ್ಲಿ ಅದು ಜಾಗತಿಕ ಮಾನದಂಡವೆಂದು ಮಾನ್ಯವಾಯಿತು), ಹಿಂದೆ ಗಣಕದಲ್ಲಿ ಸ್ಥಾಪಿಸಿಕೊಂಡೇ ನಡೆಸಬೇಕಾಗಿದ್ದ ಭಾರಿ ತಂತ್ರಾಂಶಗಳು ಸಹ ಬ್ರೌಸರ್‌ನೊಳಗೆ ನಡೆಯುವಂತಾದವು.

ಇಂತಹ ಸಾಧನಗಳಿಗೆ ನಿದರ್ಶನಗಳು ಉಂಟು. ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಹೊರತಂದ ‘ಸ್ಕ್ವೂಶ್’ ಎಂಬುದು ಚಿತ್ರದ ಅಳತೆಯನ್ನೂ ಭಾರವನ್ನೂ ಬ್ರೌಸರ್‌ನೊಳಗೇ ಇಳಿಸಿ, ಹಳೆಯ ಹೊಸ ರೂಪಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುತ್ತದೆ. ಇವಾನ್ ಕುಟ್ಸ್‌ಕಿರ್ ಎಂಬ ತಂತ್ರಜ್ಞನು 2013ರಿಂದ ಬೆಳೆಸಿಕೊಂಡು ಬಂದಿರುವ ‘ಫೋಟೋಪೀ’ಯು ವೃತ್ತಿಪರ ಚಿತ್ರಸಂಸ್ಕರಣೆಯ ಬಹುಪಾಲು ಅಂಗಗಳನ್ನು ಒಳಗೊಂಡಿದ್ದರೂ, ತೆರೆದ ಕಡತವನ್ನು ಬಳಕೆದಾರನ ಯಂತ್ರದಲ್ಲಿಯೇ ಇರಿಸಿಕೊಂಡು ಕೆಲಸ ಮಾಡುತ್ತದೆ. ಇಲ್ಲಿ ಒಂದು ಆಶ್ವಾಸನೆಯ ಮಾತನ್ನೂ ಹೇಳಬೇಕು. ನೀವಾಗಿ ಆರಿಸಿಕೊಟ್ಟ ಕಡತವನ್ನಲ್ಲದೆ ನಿಮ್ಮ ಯಂತ್ರದ ಮತ್ತಾವ ಕಡತವನ್ನೂ ಪುಟವೊಂದು ತಾನಾಗಿ ಓದದಂತೆ ಬ್ರೌಸರ್ ಕಾವಲಿರುತ್ತದೆ. ಆದರೆ ಆರಿಸಿಕೊಟ್ಟ ಮೇಲೆ ಆ ಒಂದು ಕಡತವನ್ನು ಯಂತ್ರದಲ್ಲಿಯೇ ಇರಿಸಿಕೊಳ್ಳುವುದೂ ಹೊರಗೆ ಕಳುಹಿಸುವುದೂ ಪುಟವನ್ನು ರಚಿಸಿದವರ ಸಂಕಲ್ಪಕ್ಕೆ ಸೇರಿದ್ದು.

ಭಾರ ಇಳಿಯುವ ಬಗೆ

ಚಿತ್ರದ ಭಾರ ಇಳಿಯುವುದರ ಹಿಂದಿನ ಗಣಿತದಲ್ಲಿ ಬೆಂಗಳೂರಿನ ಒಂದು ಎಳೆ ಇದೆ. ಅದು ನಮ್ಮಲ್ಲಿ ತಿಳಿದಿರಬೇಕಾದಷ್ಟು ಮಂದಿಗೆ ತಿಳಿದಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂದು ಯುವಿಸಿಇ ಎಂದು ಪ್ರಸಿದ್ಧವಾಗಿರುವ ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ನಾಸಿರ್ ಅಹ್ಮದ್ ಅವರು, 1972ರಲ್ಲಿ ಒಂದು ಹೊಸ ಗಣಿತವಿಧಾನದ ಸಂಶೋಧನೆಗಾಗಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯವನ್ನು ಬೇಡಿದಾಗ ಅದು ದೊರೆಯಲಿಲ್ಲ. ಅವರು ಕೆಲಸವನ್ನು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಸೇರಿ 1974ರ ಜನವರಿಯಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಡಿಸಿಟಿ ಎಂಬ ಹ್ರಸ್ವನಾಮದಿಂದ ಲೋಕವಿಖ್ಯಾತವಾದ ಅದೇ ವಿಧಾನದ ಮೇಲೆ 1992ರ ಜೆಪೆಗ್ ಮಾನದಂಡವು ನಿಂತಿದೆ.

ಜೆಪೆಗ್ ಪದ್ಧತಿಯು ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ಗಳ ಸಣ್ಣ ಚೌಕಗಳಾಗಿ ವಿಭಾಗಿಸುತ್ತದೆ. ಚೌಕದೊಳಗಿನ 64 ಮೌಲ್ಯಗಳನ್ನು ಡಿಸಿಟಿಯು 64 ತರಂಗಗಳ ಪ್ರಮಾಣಗಳಾಗಿ ಪರಿವರ್ತಿಸುತ್ತದೆ. ಮಂದವಾಗಿ ಏರಿಳಿಯುವ ತರಂಗಗಳಲ್ಲಿ ಚಿತ್ರದ ಸತ್ತ್ವವೆಲ್ಲ ಸಂಗ್ರಹವಾಗಿದ್ದು, ತೀವ್ರವಾಗಿ ಏರಿಳಿಯುವವುಗಳಲ್ಲಿ ಮನುಷ್ಯನ ಕಣ್ಣಿಗೆ ಅಷ್ಟಾಗಿ ಗೋಚರಿಸದ ಸೂಕ್ಷ್ಮಗಳು ಮಾತ್ರ ಇರುವುದರಿಂದ, ಈ ಎರಡನೆಯವನ್ನು ಸ್ಥೂಲವಾಗಿ ಬರೆದರೂ, ಕೆಲವನ್ನು ಬಿಟ್ಟೇಬಿಟ್ಟರೂ, ನೋಡುವವನಿಗೆ ನಷ್ಟವು ತೋರುವುದಿಲ್ಲ. ‘ಗುಣಮಟ್ಟ’ ಎಂದು ಹೆಸರಿಟ್ಟ ಸರಳಿನ ಗುಂಡಿಯನ್ನು ಎಡಕ್ಕೆ ಸರಿಸಿದಾಗ ನಡೆಯುವುದು ಇದೇ. ಇದರಿಂದ ವ್ಯವಹಾರಕ್ಕೆ ಬೇಕಾದ ಎರಡು ನಿಯಮಗಳು ತಾವಾಗಿ ಹೊರಡುತ್ತವೆ. ಪ್ರತಿಯೊಂದು ಸಲ ಉಳಿಸಿದಾಗಲೂ ಸ್ವಲ್ಪ ಸತ್ತ್ವ ನಷ್ಟವಾಗುವುದಾದ್ದರಿಂದ ಯಾವಾಗಲೂ ಮೂಲ ಚಿತ್ರದಿಂದಲೇ ಕತ್ತರಿಸಬೇಕು, ಕತ್ತರಿಸಿದುದನ್ನು ಮತ್ತೆ ಕತ್ತರಿಸಬಾರದು. ಮೊದಲು ಅಂಚುಗಳನ್ನು ತೆಗೆದು, ಅನಂತರ ಅಳತೆಯನ್ನು ಇಳಿಸಿ, ಗುಣಮಟ್ಟದ ಗುಂಡಿಯನ್ನು ಕಟ್ಟಕಡೆಗೆ ಮುಟ್ಟಬೇಕು.

ಕತ್ತರಿಸಿದ ಮೇಲೂ ಉಳಿಯುವುದು

ಚಿತ್ರ ನಮ್ಮ ಯಂತ್ರದಲ್ಲಿಯೇ ಇದ್ದಮಾತ್ರಕ್ಕೆ ಸಕಲವೂ ಕ್ಷೇಮವೆಂದು ಭಾವಿಸುವಂತಿಲ್ಲ. 2023ರ ಮಾರ್ಚ್‌ನಲ್ಲಿ ಸೈಮನ್ ಆರನ್ಸ್ ಮತ್ತು ಡೇವಿಡ್ ಬ್ಯೂಕ್ಯಾನನ್ ಎಂಬ ಸಂಶೋಧಕರು ಬಹಿರಂಗಪಡಿಸಿದ ದೋಷವೊಂದು ಈ ಪಾಠವನ್ನು ಲೋಕಕ್ಕೆ ಕಲಿಸಿತು. ಗೂಗಲ್‌ನ ಪಿಕ್ಸೆಲ್ ಫೋನ್‌ಗಳಲ್ಲಿದ್ದ ಚಿತ್ರ ತಿದ್ದುವ ಸಾಧನವು, ಕತ್ತರಿಸಿದ ಚಿಕ್ಕ ಚಿತ್ರವನ್ನು ಹಳೆಯ ದೊಡ್ಡ ಕಡತದ ಮೇಲೆಯೇ ಬರೆದು, ಮಿಕ್ಕ ಬಾಲವನ್ನು ತುಂಡರಿಸದೆ ಹಾಗೆಯೇ ಬಿಟ್ಟುಬಿಡುತ್ತಿತ್ತು. ನೋಡುವವರಿಗೆ ಕಾಣುತ್ತಿದ್ದುದು ಕತ್ತರಿಸಿದ ಭಾಗ ಮಾತ್ರ. ಕಡತವನ್ನು ಪಡೆದವನು ಬಲ್ಲವನಾಗಿದ್ದರೆ, ಆ ಬಾಲದಿಂದ ಕತ್ತರಿಸಿ ಹಾಕಿದ ಭಾಗದ ಬಹ್ವಂಶವನ್ನು ಪುನಃ ಕಟ್ಟಬಲ್ಲವನಾಗಿದ್ದನು. ಬ್ಯಾಂಕಿನ ಕಾರ್ಡಿನ ಸಂಖ್ಯೆಯನ್ನು ಕತ್ತರಿಸಿ ಹಾಕಿ ನಿಶ್ಚಿಂತನಾಗಿದ್ದವನ ಸಂಖ್ಯೆ ಹೀಗೆ ಹೊರಬೀಳುವಂತಿತ್ತು. ಅದೇ ತಿಂಗಳು ವಿಂಡೋಸ್‌ನ ‘ಸ್ನಿಪ್ಪಿಂಗ್ ಟೂಲ್’ನಲ್ಲಿಯೂ ಇದೇ ಜಾತಿಯ ದೋಷ ಪತ್ತೆಯಾಯಿತು. ಎರಡು ಸಂಸ್ಥೆಗಳೂ ತಿದ್ದುಪಡಿಯನ್ನು ಮಾಡಿದವು. ಆದರೆ ಅದಕ್ಕೆ ಮೊದಲೇ ಹಂಚಿಹೋಗಿದ್ದ ಚಿತ್ರಗಳನ್ನು ತಿದ್ದುವ ಉಪಾಯ ಯಾರ ಕೈಯಲ್ಲಿಯೂ ಇರಲಿಲ್ಲ. ಕ್ಯಾನ್ವಾಸ್ ವಿಧಾನದಲ್ಲಿ ಕತ್ತರಿಸಿದ ಭಾಗವು ಹಳೆಯ ಕಡತದ ಮೇಲೆ ಬೀಳದೆ, ಹೊಸದಾಗಿ ಸಂಕೇತಿಸಲ್ಪಟ್ಟ ಬೇರೆಯೇ ಕಡತವಾಗಿ ಹೊರಬರುವುದರಿಂದ, ಈ ಬಗೆಯ ಶೇಷಕ್ಕೆ ಅಲ್ಲಿ ಎಡೆಯಿಲ್ಲ.

ಇನ್ನೊಂದು ಶೇಷವು ಚಿತ್ರದ ಒಳಗಲ್ಲದೆ ಅದರ ಜೊತೆಯಲ್ಲಿ ಬರುವಂಥದು. ಜಪಾನಿನಲ್ಲಿ 1995ರಲ್ಲಿ ರೂಪುಗೊಂಡ ಎಕ್ಸಿಫ್ ಎಂಬ ಪದ್ಧತಿಯ ಪ್ರಕಾರ, ಕ್ಯಾಮೆರಾದ ಮಾದರಿ, ಚಿತ್ರ ತೆಗೆದ ದಿನಾಂಕ, ವೇಳೆ ಮೊದಲಾದ ವಿವರಗಳು ಕಡತದೊಳಗೇ ಬರೆಯಲ್ಪಡುತ್ತವೆ. ಫೋನಿನಲ್ಲಿ ಸ್ಥಳಸೂಚನೆಗೆ ಅನುಮತಿ ಇದ್ದರೆ ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ಸೇರಿಕೊಳ್ಳುತ್ತವೆ. 2012ರ ಡಿಸೆಂಬರ್‌ನಲ್ಲಿ, ಬೆಲೀಜ್ ದೇಶದ ಪೊಲೀಸರು ವಿಚಾರಣೆಗಾಗಿ ಹುಡುಕುತ್ತಿದ್ದ ತಂತ್ರಾಂಶೋದ್ಯಮಿ ಜಾನ್ ಮೆಕಾಫಿಯ ಸಂಗಡ ತೆಗೆಸಿಕೊಂಡ ಚಿತ್ರವೊಂದನ್ನು ‘ವೈಸ್’ ಪತ್ರಿಕೆಯು ಪ್ರಕಟಿಸಿದಾಗ, ಅದರೊಳಗೆ ಉಳಿದಿದ್ದ ಅಕ್ಷಾಂಶ ರೇಖಾಂಶಗಳಿಂದ ಅವನು ಗ್ವಾಟೆಮಾಲದಲ್ಲಿರುವುದು ಲೋಕಕ್ಕೆಲ್ಲ ತಿಳಿದುಹೋಯಿತು. ಮನೆಯಂಗಳದಲ್ಲಿ ಆಡುವ ಮಗುವಿನ ಚಿತ್ರವನ್ನು ಅಪರಿಚಿತರಿಗೆ ಕಾಣುವಂತೆ ಹಾಕುವ ತಾಯಿತಂದೆಗಳು ಮನೆಯ ಸ್ಥಾನವನ್ನೂ ಅದರೊಡನೆ ಸಾರಿರಬಹುದೆಂಬುದನ್ನು ನೆನೆಯಬೇಕು. ಕ್ಯಾನ್ವಾಸ್‌ನಿಂದ ಹೊರಬರುವ ಹೊಸ ಕಡತದಲ್ಲಿ ಈ ಎಕ್ಸಿಫ್ ವಿವರಗಳು ಇರುವುದಿಲ್ಲ, ಏಕೆಂದರೆ ಆ ಹಲಗೆ ಗ್ರಹಿಸುವುದು ಬಣ್ಣದ ಬಿಂದುಗಳನ್ನು ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವನ್ನು ಚಿತ್ರವಾಗಿಯೇ ಕಳುಹಿಸಿದರೆ ವಿವರಗಳು ಕಳಚಿಹೋಗುತ್ತವೆ. ಸ್ಪಷ್ಟತೆಯ ಆಸೆಯಿಂದ ‘ಡಾಕ್ಯುಮೆಂಟ್’ ಎಂದು ಕಳುಹಿಸಿದಾಗ ಅವು ಹಾಗೆಯೇ ಸಾಗುತ್ತವೆ.

ಮೂರನೆಯದು, ಮರೆಮಾಡುವುದರಲ್ಲಿ ನಡೆಯುವ ಪ್ರಮಾದ. ಹೆಸರನ್ನೋ ಸಂಖ್ಯೆಯನ್ನೋ ಮುಚ್ಚಲು ಅದನ್ನು ಮಸುಕುಗೊಳಿಸುವುದೂ, ದೊಡ್ಡ ಚೌಕಗಳಾಗಿ ಒಡೆಯುವುದೂ ಎಲ್ಲರ ರೂಢಿ. ಆದರೆ ಮಸುಕು ಎಂಬುದು ಮೂಲದ ಬಿಂದುಗಳನ್ನು ಲೆಕ್ಕಾಚಾರದಿಂದ ಬೆರೆಸಿದ ಫಲ. ಅಕ್ಷರಗಳ ವಿನ್ಯಾಸ, ಅಂಕಿಗಳ ಸಂಖ್ಯೆ ಮುಂತಾದವು ಮೊದಲೇ ತಿಳಿದಿರುವಲ್ಲಿ ಆ ಲೆಕ್ಕವನ್ನು ಹಿಂದುಮುಂದಾಗಿ ನಡೆಸಿ ಮೂಲವನ್ನು ಊಹಿಸುವುದು ಅನೇಕ ಸಂದರ್ಭಗಳಲ್ಲಿ ಶಕ್ಯವಾಗುತ್ತದೆ. 2007ರಲ್ಲಿ ಇಂಟರ್‌ಪೋಲ್ ಹುಡುಕುತ್ತಿದ್ದ ಒಬ್ಬ ಅಪರಾಧಿಯು ತನ್ನ ಮುಖವನ್ನು ಸುಳಿಯಂತೆ ತಿರುಚಿ ಚಿತ್ರಗಳನ್ನು ಹರಡಿದ್ದನು. ಜರ್ಮನಿಯ ಪೊಲೀಸರು ಆ ಸುಳಿಯನ್ನು ಗಣಿತದ ಮೂಲಕ ಬಿಚ್ಚಿ ಮುಖವನ್ನು ಕಂಡುಹಿಡಿದರು. ಅಲ್ಲಿ ಅದರಿಂದ ನ್ಯಾಯಕ್ಕೆ ಸಹಾಯವಾಯಿತು. ಅದೇ ವಿದ್ಯೆ ನಿರಪರಾಧಿಯ ಗುಟ್ಟನ್ನೂ ಬಿಚ್ಚಬಲ್ಲದು. ಫೋನಿನ ಬಣ್ಣದ ಪೆನ್ನಿನಿಂದ ಗೀಚಿ ಮುಚ್ಚುವುದು ಇನ್ನೂ ಅಪಾಯಕರ, ಏಕೆಂದರೆ ಅಂತಹ ಪೆನ್ನುಗಳು ಕೆಲವು ಅರೆಪಾರದರ್ಶಕವಾಗಿದ್ದು, ಚಿತ್ರದ ಬೆಳಕನ್ನು ಹೆಚ್ಚಿಸಿದಾಗ ಕೆಳಗಿನ ಅಕ್ಷರಗಳು ಮೇಲೇಳುತ್ತವೆ. ಆದಕಾರಣ ಮರೆಮಾಡಬೇಕಾದಲ್ಲಿ ಅಪಾರದರ್ಶಕವಾದ ಕಪ್ಪು ಆಯತವನ್ನೇ ಇಟ್ಟು, ಚಿತ್ರವನ್ನು ಹೊಸ ಕಡತವಾಗಿ ಉಳಿಸಬೇಕು. ಮುಚ್ಚಬೇಕಾದ ಭಾಗ ಅಂಚಿನಲ್ಲಿದ್ದರೆ ಅದನ್ನು ಕತ್ತರಿಸಿ ತೆಗೆಯುವುದೇ ಉತ್ತಮ.

ಪರೀಕ್ಷಿಸುವ ವಿಧಾನ

‘ನಿಮ್ಮ ಚಿತ್ರ ನಿಮ್ಮ ಯಂತ್ರವನ್ನು ಬಿಟ್ಟು ಹೋಗುವುದಿಲ್ಲ’ ಎಂದು ಯಾವ ಜಾಲತಾಣವೂ ಬರೆದುಕೊಳ್ಳಬಹುದು. ಆ ವಚನವನ್ನು ಪರೀಕ್ಷಿಸುವ ಸಾಮರ್ಥ್ಯವು ತಜ್ಞನಲ್ಲದವನಿಗೂ ಉಂಟೆಂಬುದು ಸಂತೋಷದ ಸಂಗತಿ. ಪುಟವನ್ನು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಅದು ಪೂರ್ತಿಯಾಗಿ ಬಂದ ಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿದೆಯೆಂದು ಖಚಿತಪಡಿಸಿಕೊಳ್ಳಿ. ಅನಂತರವಷ್ಟೇ ಚಿತ್ರವನ್ನು ಆರಿಸಿ, ಕತ್ತರಿಸಿ, ಉಳಿಸಿಕೊಳ್ಳಿ. ಸಂಪರ್ಕವಿಲ್ಲದೆಯೂ ಕೆಲಸ ಪೂರ್ಣವಾದರೆ ಕತ್ತರಿಸಿದ ಯಂತ್ರ ನಿಮ್ಮದೇ ಎಂಬುದು ನಿಶ್ಚಯ. ಸಂಪರ್ಕ ಮರಳಿದಾಗ ಪುಟವು ಚಿತ್ರವನ್ನು ಕಳುಹಿಸುವ ಸಂಭವವನ್ನು ತಪ್ಪಿಸಬೇಕಾದರೆ, ಸಂಪರ್ಕವನ್ನು ಕೊಡುವುದಕ್ಕೆ ಮೊದಲೇ ಖಾಸಗಿ ಕಿಟಕಿಗಳನ್ನೆಲ್ಲ ಮುಚ್ಚಿಬಿಡಬೇಕು; ಆ ಪುಟವು ತಾತ್ಕಾಲಿಕವಾಗಿ ಶೇಖರಿಸಿಟ್ಟುಕೊಂಡದ್ದೂ ಅದರೊಡನೆ ಅಳಿಯುತ್ತದೆ. ಗಣಕಯಂತ್ರದಲ್ಲಿ ಕೆಲಸ ಮಾಡುವವರು ಎಫ್12 ಕೀಲಿಯನ್ನು ಒತ್ತಿ, ತೆರೆದ ಫಲಕದಲ್ಲಿ ‘ನೆಟ್‌ವರ್ಕ್’ ಎಂಬ ಭಾಗವನ್ನು ನೋಡಿದರೆ, ಚಿತ್ರವನ್ನು ಆರಿಸಿದ ಕ್ಷಣದಲ್ಲಿ ಹೊರಗೆ ಏನಾದರೂ ಹೋಯಿತೇ ಎಂಬುದು ಸಾಲುಸಾಲಾಗಿ ಕಾಣುತ್ತದೆ.

ಇದರ ಜೊತೆಗೆ ಎರಡು ಎಚ್ಚರಗಳನ್ನು ಸೇರಿಸಿಕೊಳ್ಳಬೇಕು. ಬ್ರೌಸರ್‌ಗೆ ನಾವು ಸೇರಿಸಿಕೊಂಡಿರುವ ವಿಸ್ತರಣೆಗಳಲ್ಲಿ ಕೆಲವು, ನಾವೇ ಒಮ್ಮೆ ಕೊಟ್ಟ ಅನುಮತಿಯ ಬಲದಿಂದ, ತೆರೆದ ಪುಟಗಳಲ್ಲಿರುವುದನ್ನೆಲ್ಲ ಓದಬಲ್ಲವು. ಅಗತ್ಯವಿಲ್ಲದವನ್ನು ತೆಗೆದುಹಾಕುವುದು ಲೇಸು. ಹಾಗೆಯೇ ಸೈಬರ್ ಕೇಂದ್ರದ ಗಣಕದಲ್ಲಿ ಕುಳಿತು ಎಷ್ಟೇ ಗೋಪ್ಯವಾಗಿ ಕತ್ತರಿಸಿದರೂ, ಮೂಲ ಚಿತ್ರವೂ ಹೊಸ ಚಿತ್ರವೂ ಅದರ ‘ಡೌನ್‌ಲೋಡ್ಸ್’ ಕೋಶದಲ್ಲಿ ಉಳಿದಿರುವುದು ಸಹಜ. ಎದ್ದು ಬರುವ ಮುನ್ನ ಅವನ್ನು ಅಳಿಸಿ, ಕಸದ ಬುಟ್ಟಿಯನ್ನೂ ಬರಿದುಮಾಡಬೇಕು.

ಇಷ್ಟೆಲ್ಲ ಎಚ್ಚರವನ್ನು ಒಬ್ಬ ಬಡ ಅರ್ಜಿದಾರನ ಮೇಲೆ ಹೇರುವುದು ನ್ಯಾಯವೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ಯುಕ್ತವಾದದ್ದೆಂದೇ ನಾನು ಒಪ್ಪುತ್ತೇನೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಒಂದು ಶಾಸನವೂ ಬಂದಿತು. ಹೀಗಿರಲು, ಹಕ್ಕನ್ನು ಘೋಷಿಸಿದ ರಾಷ್ಟ್ರದ ಕಚೇರಿಗಳೇ ತಮ್ಮ ಅರ್ಜಿಗಳ ಅಳತೆಯ ನಿಯಮದಿಂದ ಪ್ರಜೆಯನ್ನು ಅಪರಿಚಿತ ತಾಣಗಳ ಬಾಗಿಲಿಗೆ ಅಟ್ಟುವುದು ಉಚಿತವಲ್ಲ.

ಇದಕ್ಕೆ ಪರಿಹಾರ ದುಬಾರಿಯೂ ಅಲ್ಲ, ದುಸ್ಸಾಧ್ಯವೂ ಅಲ್ಲ. ಅರ್ಜಿಯ ಪುಟದಲ್ಲಿಯೇ ಒಂದು ಕತ್ತರಿಸುವ ಚೌಕಟ್ಟನ್ನು ಇರಿಸಿ, ಅರ್ಜಿದಾರನು ಮುಖವನ್ನು ಅದರೊಳಗೆ ಹೊಂದಿಸಿದೊಡನೆ ಬೇಕಾದ ಪಿಕ್ಸೆಲ್‌ಗೂ ಕೆ.ಬಿ.ಗೂ ಚಿತ್ರವನ್ನು ಆತನ ಫೋನಿನಲ್ಲಿಯೇ ಇಳಿಸುವಂತೆ ಮಾಡುವುದಕ್ಕೆ ಬೇಕಾದ ಉಪಕರಣಗಳೆಲ್ಲ ಸಾಮಾನ್ಯ ಬ್ರೌಸರ್‌ಗಳಲ್ಲಿ ಹತ್ತು ವರ್ಷಗಳಿಗೂ ಹಿಂದಿನಿಂದ ಸಿದ್ಧವಾಗಿವೆ. ವಿಶ್ವವಿದ್ಯಾಲಯಗಳು, ಪರೀಕ್ಷಾ ಪ್ರಾಧಿಕಾರಗಳು, ನೇಮಕಾತಿ ಮಂಡಲಿಗಳು ತಮ್ಮ ಮುಂದಿನ ಅಧಿಸೂಚನೆಯ ಹೊತ್ತಿಗಾದರೂ ಇದನ್ನು ಅಳವಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮನೆಯಲ್ಲಿ ಅರ್ಜಿ ತುಂಬುವ ಮಕ್ಕಳಿಗೆ, ನೆರೆಯ ಹಿರಿಯರಿಗೆ, ಸಂಪರ್ಕ ಕಡಿದು ಪರೀಕ್ಷಿಸುವ ಆ ಒಂದು ವಿಧಾನವನ್ನು ಕಲಿಸಿಕೊಡಿ, ಆ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಾವ ತಾಣಕ್ಕೂ ನಿಮ್ಮ ಮುಖವನ್ನಾಗಲಿ ರುಜುವನ್ನಾಗಲಿ ಕೊಡಬೇಡಿ.